ಬಿಸಿಗಾಳಿಗೊಂದು ಹಾದಿ

ಬೆಂಗಳೂರು ಪಶ್ಚಿಮ ದಿಕ್ಕಿನಲ್ಲಿ ಎಲ್ಲಿಗೆ ಮುಗಿಯುತ್ತದೆಂದು ಕೇಳಿದರೆ ಹಿಂದಿನವರು ನಾಯಂಡಹಳ್ಳಿಯ ಹೆಸರನ್ನೋ, ಬಹಳವೆಂದರೆ ಕೆಂಗೇರಿಯ ಹೆಸರನ್ನೋ ಹೇಳುತ್ತಿದ್ದರು. ಈಗ ಹಾಗೆ ಹೇಳುವಂತಿಲ್ಲ. ವಿಜಯನಗರ, ಅತ್ತಿಗುಪ್ಪೆಗಳನ್ನು ಹಾದು ಬರುವ ಮೆಟ್ರೋ ರೈಲು 2021ರ ಆಗಸ್ಟಿನಲ್ಲಿ ಕೆಂಗೇರಿಯನ್ನು ಮುಟ್ಟಿತು. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೂ ಕಾಲು ಚಾಚಿತು. ಗಾಡಿಯ ಕಿಟಕಿಯಿಂದ ಕೆಳಗೆ ನೋಡಿದರೆ ಮೈಸೂರು ರಸ್ತೆಯ ಪಕ್ಕದಲ್ಲಿ ವೃಷಭಾವತಿ ಹರಿಯುವುದು ಕಾಣುತ್ತದೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಹೇಳುತ್ತಿದ್ದ ಈ ನದಿಯನ್ನು ಇಂದು ನದಿಯೆಂದು ಕರೆಯಲು ನಾಲಗೆ ಅಳುಕುತ್ತದೆ. ನೀರು ಕಪ್ಪಾಗಿದೆ, ಅಲ್ಲಲ್ಲಿ ನೊರೆ ಬೆಟ್ಟದಂತೆ ನಿಂತಿದೆ.

ಕೆಂಗೇರಿಯಲ್ಲಿ ಇಳಿಯುವ ಪ್ರವಾಸಿಗನಿಗೆ ಎತ್ತರದ ಮನೆಗಳೂ ಬಸ್ಸುಗಳ ಗದ್ದಲವೂ ಕಾಣುವುವೇ ಹೊರತು ಹಿಪ್ಪುನೇರಳೆಯ ಒಂದು ಗಿಡವಾದರೂ ಕಣ್ಣಿಗೆ ಬೀಳುವುದು ಕಷ್ಟ. ಆದರೂ ಮೈಸೂರು ಸೀಮೆಯ ರೇಷ್ಮೆಯ ಕಥೆಯಲ್ಲಿ ಈ ಊರಿಗೆ ಒಂದು ಪುಟವಿದೆ. ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆ ಹುಳುವಿನ ಮೊಟ್ಟೆಗಳನ್ನು ತರಿಸಿ ಈ ಕಸುಬಿಗೆ ನೆಲೆ ಹಾಕಿದನು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯೂರೋಪಿನ ಹುಳುಗಳಿಗೆ ಕಾಡಿಗೆಯ ಚುಕ್ಕೆಗಳಂತೆ ಮೈಮೇಲೆ ಕಾಣಿಸಿಕೊಳ್ಳುವ ರೋಗ ತಗುಲಿ ಇಟಲಿ, ಫ್ರಾನ್ಸುಗಳ ಬೆಳೆಗಾರರು ಕಂಗಾಲಾದರು. ಮೈಸೂರಿನ ಹುಳುಗಳೂ ರೋಗದಿಂದ ಕ್ಷೀಣಿಸುತ್ತಿದ್ದ ಆ ಕಾಲದಲ್ಲಿ, 1866ರಲ್ಲಿ, ಡಿ ವೆಚ್ಚಿ ಎಂಬ ಇಟಲಿಯ ಗೃಹಸ್ಥನೊಬ್ಬನು ಕೆಂಗೇರಿಯಲ್ಲಿ ಉಗಿಯಿಂದ ನಡೆಯುವ ರೇಷ್ಮೆ ನೂಲಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಜಪಾನಿನಿಂದ ಮೊಟ್ಟೆಗಳನ್ನೂ ತರಿಸಿದನು. ಸೌದೆ ಒಲೆಯ ಮೇಲೆ ಮಡಕೆಯಿಟ್ಟು ನೂಲು ತೆಗೆಯುತ್ತಿದ್ದ ನಾಡಿಗೆ ಅದು ಹೊಸ ಮಾತು. ಕಾರ್ಖಾನೆ ಬಹುಕಾಲ ಬಾಳಲಿಲ್ಲ. ಬೆಂಕಿಯೊಂದು ಕಡೆ, ಅದರ ಬಿಸಿ ಉಪಯೋಗವಾಗುವುದು ಇನ್ನೊಂದು ಕಡೆ ಎಂಬ ಪಾಠ ಮಾತ್ರ ಮೈಸೂರು ರಸ್ತೆಯಲ್ಲಿ ಇಂದಿಗೂ ಓಡಾಡಿಕೊಂಡಿದೆ.

ಓಡಾಡಿಕೊಂಡಿದೆ ಎಂಬುದು ಅಲಂಕಾರದ ಮಾತಲ್ಲ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಿಂದ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದವರೆಗೆ ತಗಡಿನ ಕೆಲಸದ ಸಣ್ಣ ಸಣ್ಣ ಅಂಗಡಿಗಳಿವೆ. ಒಳಗೆ ಕಾಲಿಡಲೂ ಜಾಗವಿಲ್ಲದ ಈ ಅಂಗಡಿಗಳಲ್ಲಿ ಸತುವಿನ ಲೇಪವಿರುವ ಕಬ್ಬಿಣದ ತಗಡನ್ನು ಕತ್ತರಿಸಿ, ಮಡಿಸಿ, ಅಂಚಿಗೆ ಅಂಚು ಕೊಂಡಿ ಹಾಕಿ, ಸುತ್ತಿಗೆಯಿಂದ ಬಡಿದು ಚೌಕನಾದ ಉದ್ದ ನಳಿಗೆಗಳನ್ನು ಮಾಡುತ್ತಾರೆ. ಡಕ್ಟ್ ಎಂದೇ ಅವರು ಕರೆಯುವುದು. ಸಿನಿಮಾ ಮಂದಿರಕ್ಕೆ ತಂಪುಗಾಳಿ ಒಯ್ಯಲೂ ಅದೇ ಡಕ್ಟ್, ಹೋಟೆಲಿನ ಅಡಿಗೆಮನೆಯ ಹೊಗೆ ಹೊರಹಾಕಲೂ ಅದೇ. ಒಮ್ಮೊಮ್ಮೆ ಇಂಥ ನಳಿಗೆಗಳನ್ನೂ ಒಂದು ಬ್ಲೋಯರನ್ನೂ ಹಗ್ಗದಿಂದ ಬಿಗಿದುಕೊಂಡ ಟೆಂಪೋ ಒಂದು ಕೆಂಗೇರಿಯನ್ನು ದಾಟಿ, ಕುಂಬಳಗೋಡು ಹಿಂದಿಟ್ಟು, ಬಿಡದಿಯಲ್ಲಿ ತಟ್ಟೆ ಇಡ್ಲಿಗೆಂದು ತುಸು ನಿಂತು, ರಾಮನಗರದ ಕಡೆಗೆ ಹೋಗುತ್ತದೆ. ಅದು ಹೋಗುವುದು ರೇಷ್ಮೆ ಗೂಡು ಒಣಗಿಸುವ ಕೋಣೆಗೆ.

ಬೆಂಗಳೂರಿಗೆ ಸುಮಾರು 50 ಕಿಲೋಮೀಟರ್ ದೂರದ ರಾಮನಗರವನ್ನು ಸಿನಿಮಾ ಪ್ರಿಯರು ‘ಶೋಲೆ’ಯ ಬಂಡೆಗಳಿಂದ ಗುರುತಿಸುತ್ತಾರೆ. ರೇಷ್ಮೆ ಲೋಕದವರಿಗೆ ಬಂಡೆಗಳ ಗೊಡವೆಯಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಅವರ ರಾಮನಗರ. ಬೆಳಗಾಗುತ್ತಲೇ ಸುತ್ತಣ ತಾಲ್ಲೂಕುಗಳಿಂದ ರೈತರು ಮೂಟೆಗಳಲ್ಲಿ ಗೂಡು ತಂದು ಸುರಿಯುತ್ತಾರೆ. ಮಿಶ್ರ ತಳಿಯವು ಹಳದಿ, ದ್ವಿತಳಿಯವು ಹಾಲಿನಂತೆ ಬಿಳುಪು. ಕೈಗೆ ತೆಗೆದುಕೊಂಡರೆ ಹಗುರ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಏನೋ ಮೆತ್ತಗೆ ತಾಕುತ್ತದೆ. ಅದು ಜೀವಂತ ಹುಳು.

ರೇಷ್ಮೆಯ ಸಂಕಟವೆಲ್ಲ ಇರುವುದು ಇಲ್ಲಿಯೇ. ಚಂದ್ರಿಕೆಯ ಮೇಲೆ ಗೂಡು ಕಟ್ಟಿಕೊಂಡ ಹುಳು ಹತ್ತು ಹನ್ನೆರಡು ದಿನಗಳಲ್ಲಿ ಪತಂಗವಾಗಿ, ತುದಿಯನ್ನು ತೇವ ಮಾಡಿ, ಎಳೆಗಳನ್ನು ಸರಿಸಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಅಖಂಡವಾದ ನೂಲು ಬಾರದು. ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿಗೆ ಕಡಿಮೆಯಿಲ್ಲದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಅದು ಹಾಳಾದರೆ ಉಳಿಯುವುದು ಹಿಂಜುವ ಹತ್ತಿಗೆ ಸಮನಾದ ಪದಾರ್ಥ. ರೈತನು ಗೂಡು ಬಿಡಿಸಿ ಮಾರುಕಟ್ಟೆಗೆ ತರುವ ಹೊತ್ತಿಗೆ ಈ ದಿನಗಳಲ್ಲಿ ಅರ್ಧದಷ್ಟು ಕಳೆದಿರುತ್ತವೆ. ನೂಲು ಬಿಚ್ಚುವವನು ಗೂಡು ಕೊಂಡ ಗಳಿಗೆಯಿಂದ ಗಡಿಯಾರ ಅವನ ಎದೆಯ ಮೇಲೆಯೇ ಕುಳಿತಿರುತ್ತದೆ.

ಆದುದರಿಂದ ಹುಳುವನ್ನು ಕೊಲ್ಲಬೇಕು. ಮದುವೆಯ ಮನೆಯಲ್ಲಿ ರೇಷ್ಮೆ ಸೀರೆಯ ಸೆರಗು ಸರಿಪಡಿಸಿಕೊಳ್ಳುವ ಗೃಹಿಣಿಗೆ ಈ ಮಾತು ಹಿತವಾಗದು. ಮಡಿಗೆ ರೇಷ್ಮೆಯೇ ಶ್ರೇಷ್ಠವೆಂದ ಹಿರಿಯರು ಇದನ್ನು ಹೇಗೆ ಸಮಾಧಾನ ಮಾಡಿಕೊಂಡರೋ, ಅದು ಬೇರೆಯೇ ಪ್ರಶ್ನೆ. ಪತಂಗವನ್ನು ಹಾರಲು ಬಿಟ್ಟು ಉಳಿದ ಗೂಡಿನಿಂದ ನೂಲುವ ರೇಷ್ಮೆಯೂ ಉಂಟು. ಅದರಲ್ಲಿ ಆ ಹೊಳಪು ಇರುವುದಿಲ್ಲ.

ಕೊಲ್ಲುವ ಉಪಾಯಗಳು ಮೂರು. ಬಿಸಿಲಿಗೆ ಹರಡುವುದು ಅತ್ಯಂತ ಹಳೆಯದು. ಅದಕ್ಕೆ ದಿನಗಳು ಬೇಕು, ಉರಿಬಿಸಿಲಿಗೆ ನೂಲಿನ ಸತ್ವ ಕುಂದುತ್ತದೆ, ಮಳೆಗಾಲದಲ್ಲಂತೂ ಉಪಾಯವೇ ಇಲ್ಲ. ಎರಡನೆಯದು, ಕುದಿಯುವ ನೀರಿನ ಮೇಲೆ ಬುಟ್ಟಿಯಿಟ್ಟು ಇಡ್ಲಿಯಂತೆ ಆವಿಯಲ್ಲಿ ಬೇಯಿಸುವುದು. ಅಗ್ಗ, ಬೇಗ. ಆದರೆ ಹುಳು ಸತ್ತರೂ ಗೂಡು ಒಣಗುವುದಿಲ್ಲ. ಒದ್ದೆ ಗೂಡನ್ನು ಕೆಲವೇ ದಿನಗಳಲ್ಲಿ ಬಿಚ್ಚಿ ಮುಗಿಸದಿದ್ದರೆ ಬೂಷ್ಟು ಹಿಡಿದು ನಾರುತ್ತದೆ. ಮೂರನೆಯದೇ ಬಿಸಿಗಾಳಿ. ಇದು ಕೊಲ್ಲುವುದರ ಜೊತೆಗೆ ಒಣಗಿಸುತ್ತದೆ. ಚೆನ್ನಾಗಿ ಒಣಗಿದ ಗೂಡು ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ.

ಬಿಸಿಗಾಳಿಯ ಕೋಣೆಯ ರಚನೆ ನೋಡಲು ಸರಳ. ಹೊರಗಡೆ ಸೌದೆಯ ಭಟ್ಟಿ. ಅದರ ಉರಿಯೂ ಹೊಗೆಯೂ ಕಬ್ಬಿಣದ ಕೊಳವೆಗಳ ಒಳಗೆ ಹಾದು ಚಿಮಣಿಯಿಂದ ಮೇಲೆ ಹೋಗುತ್ತವೆ. ಅದೇ ಕೊಳವೆಗಳ ಹೊರಮೈಯನ್ನು ಸವರಿಕೊಂಡು ಬ್ಲೋಯರಿನ ಶುದ್ಧವಾದ ಗಾಳಿ ಬರುತ್ತದೆ, ಕಾಯುತ್ತದೆ, ಡಕ್ಟಿನ ಮೂಲಕ ಕೋಣೆಯನ್ನು ಹೊಗುತ್ತದೆ. ಒಳಗೆ ಜಾಲರಿಯ ತಟ್ಟೆಗಳಲ್ಲಿ ಗೂಡು ಹರಡಿರುತ್ತದೆ. ಹೊಗೆಯ ಗಾಳಿ, ಕೋಣೆಯ ಗಾಳಿ, ಇವೆರಡೂ ಒಂದೇ ತಗಡಿನ ಈಚೆ ಆಚೆ ಹರಿದರೂ ಒಂದನ್ನೊಂದು ಮುಟ್ಟಕೂಡದು. ಮುಟ್ಟಿದರೆ ನೂಲಿಗೆ ಹೊಗೆಯ ಬಣ್ಣ, ಹೊಗೆಯ ವಾಸನೆ.

ಚಳಿಯ ದೇಶಗಳಲ್ಲಿ ಇದೇ ನಿಯಮಕ್ಕೆ ಪ್ರಾಣದ ಬೆಲೆಯಿದೆ. ಇಂಗ್ಲೆಂಡಿನ ಕಾಲುವೆಗಳಲ್ಲಿಯೂ ನಾರ್ವೆಯ ಕಡಲಂಚಿನಲ್ಲಿಯೂ ಜನರು ದೋಣಿಗಳಲ್ಲೇ ಸಂಸಾರ ಹೂಡಿ ಚಳಿಗಾಲ ಕಳೆಯುವುದುಂಟು. ಅವರ ದೋಣಿಯಲ್ಲಿ ಊಟದ ಕ್ಯಾರಿಯರಿಗಿಂತ ತುಸು ದೊಡ್ಡದಾದ ಡೀಸೆಲ್ ಹೀಟರೊಂದು ಮೂಲೆಯಲ್ಲಿ ಅಡಗಿರುತ್ತದೆ. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೆಶರ್ ಕಂಪನಿಗಳು ಇದಕ್ಕೆ ಪ್ರಸಿದ್ಧ. ಎರಡು ಕಿಲೋವಾಟಿನ ಹೀಟರು ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು ಕಾಲು ಲೀಟರು ಡೀಸೆಲ್ ಉರಿಸುತ್ತದೆ. ಉರಿಯಲು ಬೇಕಾದ ಗಾಳಿ ಹೊರಗಿನಿಂದ ಒಂದು ಕೊಳವೆಯಲ್ಲಿ ಬಂದು, ಹೊಗೆಯಾಗಿ ಇನ್ನೊಂದು ಕೊಳವೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ದೋಣಿಯ ಪಕ್ಕದಿಂದ ಹೊರಬೀಳುತ್ತದೆ. ಅಲೆಯ ನೀರು ಹಿಂದಕ್ಕೆ ನುಗ್ಗದಿರಲೆಂದು ಆ ಕೊಳವೆಯನ್ನು ಹಂಸದ ಕೊರಳಿನಂತೆ ಮೇಲೆತ್ತಿ ಬಾಗಿಸುತ್ತಾರೆ. ಮಲಗುವ ಕೋಣೆಗೆ ಬಿಸಿ ಒಯ್ಯುವ ಡಕ್ಟೇ ಬೇರೆ. ಅದರ ಬಾಯಿಗಳಲ್ಲಿ ಒಂದನ್ನಾದರೂ ಮುಚ್ಚಲಾಗದಂತೆ ಇಡಬೇಕು; ಎಲ್ಲವನ್ನೂ ಮುಚ್ಚಿದರೆ ಹೀಟರು ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಹೊಗೆಯ ಕೊಳವೆಯ ಸಂದು ಒಂದು ಬಿರುಕು ಬಿಟ್ಟರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಮಲಗಿದವರನ್ನು ಏಳದಂತೆ ಮಾಡುತ್ತದೆ. ನಮ್ಮಲ್ಲಿ ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಬಾಗಿಲು ಕಿಟಕಿಗಳನ್ನು ಭದ್ರಪಡಿಸುವ ಮನೆಗಳವರು ಇದನ್ನು ಎರಡು ಬಾರಿ ಓದಿಕೊಳ್ಳುವುದು ಒಳ್ಳೆಯದು. ಕೆಂಡಕ್ಕೆ ಹೊಗೆಯಿಲ್ಲವೆಂಬುದು ಭರವಸೆಯಲ್ಲ. ವಿಷ ಇರುವುದು ಹೊಗೆಯಿಲ್ಲದ ಕೆಂಡದಲ್ಲಿಯೇ.

ರಾಮನಗರದ ಕೋಣೆಗೆ ಹಿಂದಿರುಗಿದರೆ, ಬಿಸಿಯನ್ನು ಒಳಗೆ ತರುವುದು ಅರ್ಧ ಕೆಲಸ ಮಾತ್ರ. ನೂರು ಕಿಲೋ ಹಸಿ ಗೂಡು ಪೂರ್ತಿ ಒಣಗಿದಾಗ ಸುಮಾರು ನಲವತ್ತು ಕಿಲೋ ತೂಗುತ್ತದೆ. ಉಳಿದ ಅರವತ್ತು ಕಿಲೋ ಹುಳುವಿನ ಮೈಯೊಳಗಿನ ನೀರು. ನಾಲ್ಕು ಬಿಂದಿಗೆಗೆ ಮೀರಿದ ಈ ನೀರೆಲ್ಲ ಆವಿಯಾಗಿ ಅದೇ ಕೋಣೆಯಿಂದ ಹೊರಗೆ ಹೋಗಬೇಕು. ಹೊಸಬರು ಮಾಡುವ ತಪ್ಪೆಂದರೆ, ಕಷ್ಟಪಟ್ಟು ಕಾಸಿದ ಗಾಳಿ ಹೊರಹೋದರೆ ಸೌದೆ ದಂಡವಾಗುವುದೆಂದು ಮೇಲಿನ ಕಿಂಡಿಯನ್ನು ಮುಚ್ಚಿಬಿಡುವುದು. ಆಗ ಗಾಳಿ ಆವಿಯನ್ನು ಹೊತ್ತು ಹೊತ್ತು ತುಂಬಿ, ಇನ್ನು ಹೊರಲಾರದೆ ನಿಲ್ಲುತ್ತದೆ. ಕೋಣೆ ಹಬೆಯ ಪೆಟ್ಟಿಗೆಯಾಗುತ್ತದೆ. ಪೂರ್ತಿ ತೆರೆದರೆ ಬಿಸಿಯೆಲ್ಲ ಆಕಾಶಕ್ಕೆ. ಕಿಂಡಿಯ ತಗಡಿನ ಬಾಗಿಲನ್ನು ಮೊದಲ ಗಂಟೆಗಳಲ್ಲಿ ಅಗಲವಾಗಿಯೂ ಆಮೇಲೆ ಕಿರಿದಾಗಿಯೂ ಇಡುವ ಹದ ಕೈಗೆ ಬರಬೇಕು.

ಡಕ್ಟಿನ ತಿರುವುಗಳದೂ ಒಂದು ಶಾಸ್ತ್ರ. ಗಾಳಿಗೆ ಚೂಪಾದ ಮೂಲೆ ಎಂದರೆ ಆಗದು. ಅಂಥ ಪ್ರತಿ ಮೂಲೆಯಲ್ಲಿಯೂ ಅದು ಸುಳಿ ತಿರುಗಿ ಬಲ ಕಳೆದುಕೊಳ್ಳುತ್ತದೆ. ಬಾಗು ಉದ್ದವಾಗಿರಬೇಕು, ಸಂದುಗಳು ಬಿಗಿಯಾಗಿರಬೇಕು, ಹೊರಮೈಗೆ ಗಾಜಿನ ಉಣ್ಣೆ ಹೊದಿಸಬೇಕು. ಇಷ್ಟಾದರೂ ಮೊದಲ ದಿನದ ಪರೀಕ್ಷೆಯಲ್ಲಿ ಏನಾದರೊಂದು ಕಾಣಿಸಿಕೊಳ್ಳದೆ ಬಿಡದು. ಡಕ್ಟಿನ ಬಾಯಿಗೆ ಹತ್ತಿರವಾದ ತಟ್ಟೆಯ ಗೂಡು ಕಂದು ತಿರುಗಿರುತ್ತದೆ. ದೂರದ ಮೂಲೆಯದು ಹಸಿ.

“ಏನು ಮೇಸ್ತ್ರಿ, ಈ ಮೂಲೆಗೆ ಗಾಳಿಯೇ ಬಂದ ಹಾಗಿಲ್ಲವಲ್ಲ?” ಎಂದು ಯಜಮಾನರು ಕೇಳುತ್ತಾರೆ.

“ಬರುತ್ತೆ ಸ್ವಾಮಿ, ದಾರಿ ತೋರಿಸಬೇಕು ಅಷ್ಟೆ,” ಎಂದು ಮೇಸ್ತ್ರಿ ಒಂದು ತುಂಡು ತಗಡನ್ನು ಓರೆಯಾಗಿ ಡಕ್ಟಿನ ಬಾಯಿಗೆ ನಿಲ್ಲಿಸಿ ಗಾಳಿಯನ್ನು ಎರಡಾಗಿ ಸೀಳುತ್ತಾನೆ. ಮತ್ತೊಮ್ಮೆ ಭಟ್ಟಿ ಹೊತ್ತಿಸುತ್ತಾರೆ. ಊದುಬತ್ತಿಯ ಹೊಗೆಯನ್ನು ಮೂಲೆಯಲ್ಲಿ ಹಿಡಿದು ಅದು ಯಾವ ಕಡೆಗೆ ಬಾಗುತ್ತದೆಂದು ನೋಡುತ್ತಾರೆ. ಯಂತ್ರಶಾಸ್ತ್ರದ ಪದವೀಧರನೂ ಈ ಊದುಬತ್ತಿಯ ಪರೀಕ್ಷೆಯನ್ನು ತೆಗೆದುಹಾಕಲಾರ.

ಬಿಸಿಯನ್ನು ಆರಂಭದಲ್ಲಿ 110 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರಿಸಿ, ಐದಾರು ಗಂಟೆಗಳಲ್ಲಿ ಮೆಲ್ಲಮೆಲ್ಲನೆ 60 ಡಿಗ್ರಿಯವರೆಗೆ ಇಳಿಸುವುದು ಒಳ್ಳೆಯ ಪದ್ಧತಿ. ಗೂಡು ಹಸಿಯಾಗಿರುವವರೆಗೆ ಒಳಗಿನ ನೀರೇ ಎಳೆಯನ್ನು ಕಾಯುತ್ತದೆ. ಒಣಗುತ್ತ ಬಂದಂತೆ ಆ ರಕ್ಷಣೆ ತಪ್ಪುತ್ತದೆ. ಅವಸರಪಟ್ಟು ಕೊನೆಯವರೆಗೂ ಉರಿ ಹಾಕಿದರೆ ಎಳೆಗಳನ್ನು ಹಿಡಿದಿರುವ ಅಂಟು ಗಟ್ಟಿಯಾಗಿ, ಬಿಸಿನೀರಿನಲ್ಲಿ ಬೇಯಿಸಿದರೂ ಸಡಿಲವಾಗದೆ, ನೂಲು ಮಾರು ಮಾರಿಗೆ ಕಡಿಯುತ್ತದೆ. ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಗೂಡನ್ನು ಕತ್ತರಿಸಿ ಹುಳುವನ್ನು ಬೆರಳುಗಳ ನಡುವೆ ಉಜ್ಜುತ್ತಾರೆ. ಪುಡಿಯಾದರೆ ಸರಿ, ಜಿಗುಟಾದರೆ ಇನ್ನೂ ಒಂದು ಗಂಟೆ.

ಇಷ್ಟೆಲ್ಲ ಶ್ರಮವೇಕೆ? ಹಬೆಯ ಬುಟ್ಟಿಯನ್ನೇ ನಂಬಿದ ಸಣ್ಣ ಬಿಚ್ಚಣಿಕೆದಾರನು ಇಂದು ಕೊಂಡ ಗೂಡನ್ನು ಇಂದೋ ನಾಳೆಯೋ ಬಿಚ್ಚಲೇಬೇಕು. ಬಿಚ್ಚಿದ ನೂಲನ್ನು, ಕೈಯಲ್ಲಿ ಬಂಡವಾಳವಿಲ್ಲದ್ದರಿಂದ, ಆ ದಿನದ ಬೆಲೆಗೇ ಕೊಡಬೇಕು. ಗೂಡಿನ ಬೆಲೆ ಏರಿದ ದಿನ ಅವನಿಗೆ ರಜೆ, ಅವನ ಬಳಿ ಎಳೆ ಕೂಡಿಸುವ ಹೆಂಗಸರಿಗೂ ರಜೆ, ಕೂಲಿಗೂ ರಜೆ. ಒಣಗೂಡನ್ನು ಕೂಡಿಡಬಲ್ಲವನು ಬೆಲೆ ಇಳಿದಾಗ ಹೆಚ್ಚು ಕೊಂಡು, ಮಳೆಗಾಲದ ಬಿಡುವಿನಲ್ಲಿಯೂ ಒಲೆ ಆರದಂತೆ ನಡೆಸಬಲ್ಲ. ಆದರೆ ಭಟ್ಟಿ, ಬ್ಲೋಯರು, ಡಕ್ಟುಗಳ ವೆಚ್ಚ ಒಬ್ಬಂಟಿ ಚರಕದವನಿಗೆ ನಿಲುಕುವುದಲ್ಲ. ನಾಲ್ಕಾರು ಜನ ಕೂಡಿ ಒಂದು ಕೋಣೆ ಕಟ್ಟಿಕೊಳ್ಳಬಹುದಲ್ಲವೇ ಎಂದರೆ, ಯಾರ ಗೂಡು ಡಕ್ಟಿನ ಬಾಯಿಯ ಹತ್ತಿರ, ಯಾರದು ಮೂಲೆಯಲ್ಲಿ ಎಂಬ ಜಗಳ ಮೊದಲು ಹುಟ್ಟುತ್ತದೆ. ತಟ್ಟೆಗಳನ್ನು ಗಂಟೆಗೊಮ್ಮೆ ಸ್ಥಳ ಬದಲಿಸುವ ಪದ್ಧತಿ ಇರುವಲ್ಲಿ ಈ ಜಗಳಕ್ಕೂ ಪರಿಹಾರವುಂಟು.

ಸಂಜೆಯ ಹೊತ್ತಿಗೆ ಕೋಣೆಯ ಬಾಗಿಲು ತೆರೆಯುತ್ತಾರೆ. ರಾಮನಗರದ ಗಲ್ಲಿಗಳಲ್ಲೆಲ್ಲ ಹರಡಿರುವ ಬೆಂದ ಹುಳುವಿನ ಆ ಗಾಢವಾದ ವಾಸನೆ ಇಲ್ಲಿ ಇಲ್ಲ. ಹುರಿದ ಕಡಲೆಯನ್ನು ಹೋಲುವ ಒಣ ವಾಸನೆಯೊಂದು ಮುಖಕ್ಕೆ ಬಡಿಯುತ್ತದೆ. ಗೂಡುಗಳು ಆರಿದ ಮೇಲೆ ಅವನ್ನು ಗೋಣಿಗಳಿಗೆ ತುಂಬುತ್ತಾರೆ. ಬೆಳಗ್ಗೆ ಇಬ್ಬರು ಎತ್ತಿದ ಮೂಟೆಯನ್ನು ಈಗ ಒಬ್ಬ ಹುಡುಗನು ಹೆಗಲ ಮೇಲೆ ಹಾಕಿಕೊಂಡು ಅಟ್ಟ ಹತ್ತುತ್ತಾನೆ. ಒಳಗೆ ಸಾವಿರಾರು ಗೂಡುಗಳು ಗಿಲಿಗಿಲಿ ಸದ್ದು ಮಾಡುತ್ತವೆ. ಕೆಳಗೆ ಮೇಸ್ತ್ರಿಯು ಸುತ್ತಿಗೆ, ಕತ್ತರಿಗಳನ್ನು ಚೀಲಕ್ಕೆ ಹಾಕಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹಿಂದಿರುಗುವ ಟೆಂಪೋವಿನ ಹಾದಿ ನೋಡುತ್ತಿರುತ್ತಾನೆ.