ನಾನು ಮೆಚ್ಚಿದ ತಾರೆ ನನಗಿಂತ ಮೊದಲೇ ಹೊರಟಳು!

ಗೆಳೆಯರೇ, ನಿಮ್ಮ ಮೊಬೈಲಿನಲ್ಲಿ ಯಾವ ತಾರೆಯ ಫೋಟೋ ಇದೆ ಎಂದು ನಾನು ಕೇಳುವುದಿಲ್ಲ. ಯಾರದೋ ಇದ್ದೇ ಇರುತ್ತದೆ. ಆಕೆ ಎಂದಾದರೂ ಗೋಕಾಕ ಫಾಲ್ಸಿಗೆ ಶೂಟಿಂಗಿಗೆ ಬಂದಾಳು, ಕರದಂಟಿನ ಅಂಗಡಿ ಮುಂದೆ ಕಾರು ನಿಂತೀತು... ಎಂಬ ಆಸೆಯಾದರೂ ನಿಮಗುಂಟು. ನನಗೆ ಅದೂ ಇಲ್ಲ. ನಾನು ಮನಸ್ಸು ಕೊಟ್ಟದ್ದು ಮಿನುಗುತಾರೆ ಕಲ್ಪನಾಗೆ. ಆಕೆ ತೀರಿಕೊಂಡದ್ದು 1979ರ ಮೇ 12ರಂದು. ನನಗೀಗ 28. ಲೆಕ್ಕ ನೀವೇ ಹಾಕಿ!

ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತ ವರ್ಷ ಟಿವಿಯಲ್ಲಿ ‘ಶರಪಂಜರ’ ಬಂತು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಚಿತ್ರ. (ಕಾವೇರಿಯನ್ನು ಸೃಷ್ಟಿಸಿದ ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಕಲ್ಪನಾಳ ಕಾವೇರಿಯನ್ನು ಪಾಪ, ಅವರೂ ನೋಡಲಿಲ್ಲ.) ಆಸ್ಪತ್ರೆಯಿಂದ ವಾಸಿಯಾಗಿ ಬಂದ ಕಾವೇರಿಯನ್ನು ಎಲ್ಲರೂ ಓರೆಗಣ್ಣಲ್ಲೇ ನೋಡುತ್ತಾರಲ್ಲ, ಕಾಲೇಜು ಬಿಟ್ಟ ಹುಡುಗನನ್ನೂ ಊರು ಹಾಗೇ ನೋಡುತ್ತಿತ್ತು. ಸಾಕಲ್ಲ, ಬಿದ್ದೆ! ಆಮೇಲೆ ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’... ಎಷ್ಟು ಸಲವೋ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಆಕೆ ಕಣ್ಣು ಮುಚ್ಚಿದ್ದು ಬೆಂಗಳೂರಲ್ಲಲ್ಲ, ಮದರಾಸಲ್ಲೂ ಅಲ್ಲ. ನಮ್ಮದೇ ಹುಕ್ಕೇರಿ ತಾಲ್ಲೂಕಿನ ಗೋಟೂರಿನ ಬಂಗಲೆಯಲ್ಲಿ! ಸಿನಿಮಾ ಅವಕಾಶ ಕಡಿಮೆಯಾಗಿದ್ದ ಕಾಲ. ಗುಡಗೇರಿ ಬಸವರಾಜರ ನಾಟಕ ಕಂಪನಿಯ ಜೊತೆ ಬಂದು ಪಕ್ಕದ ಸಂಕೇಶ್ವರದಲ್ಲಿ ಬಣ್ಣ ಹಚ್ಚುತ್ತಿದ್ದಳು. ಅಂದರೆ, ಟಿಕೆಟ್ಟಿಗೆ ಕಾಸಿದ್ದ ನಮ್ಮ ಸೀಮೆಯ ಯಾವ ಹುಡುಗನಾದರೂ ಆಕೆಯನ್ನು ಹತ್ತು ಮಾರು ದೂರದಲ್ಲಿ ಕಾಣಬಹುದಿತ್ತು.

ಅಂಥವರೊಬ್ಬರು ನನಗೆ ಮೂಡಲಗಿಯಲ್ಲಿ ಸಿಕ್ಕರು. ದೂರದ ಸಂಬಂಧದಲ್ಲಿ ಕಾಕಾ. ಆಗ ಸಂಕೇಶ್ವರದ ಬೀಗರ ಮನೆಗೆ ಹೋಗಿದ್ದರಂತೆ.

“ಕಾಕಾ, ಹ್ಯಾಂಗಿದ್ದಳ ಹೇಳ್ರಿ!”

ಎಲೆ ಅಡಿಕೆ ಉಗುಳಿ ಬಂದು ಕೂತರು. “ಏನ್ ಹೇಳ್ಲೋ ತಮ್ಮಾ. ಟಾಕೀಸನ್ಯಾಗ ನೋಡಿದಾಕಿ ಬ್ಯಾರೆ. ಇಕಿ ದಣದಿದ್ದಳು. ನನಗ ನೋಡಾಕ ಆಗಲಿಲ್ಲ. ಅರ್ಧಾ ನಾಟಕಕ್ಕ ಎದ್ದು ಹೋಗಿ ಮಕ್ಕೊಂಡೆ.”

ನನಗೆ ಸಿಟ್ಟು ನೆತ್ತಿಗೇರಿತು. ನಾನು ಹುಟ್ಟಿದ್ದಿದ್ದರೆ ನೆಲದ ಮೇಲೆ ಕೂತು ಬೆಳತನಕ ನೋಡುತ್ತಿದ್ದೆ... ನೋಡುತ್ತಿದ್ದೆನೇ? ನನ್ನ ಮೊಬೈಲಿನ ಕಲ್ಪನಾ ಒಂದು ದಿನವೂ ದಣಿದವಳಲ್ಲ. ಸಾಯುವಾಗ ಆಕೆಗೆ 35. ಇನ್ನು ಎಂಟು ವರ್ಷಕ್ಕೆ ನಾನೇ ಆಕೆಗಿಂತ ದೊಡ್ಡವ, ಆಕೆ ಮಾತ್ರ ಹಾಗೇ ಇರುತ್ತಾಳೆ. ಕಾಕಾ ಕಂಡದ್ದು ನನ್ನ ಕಲ್ಪನಾಳನ್ನಲ್ಲ, ಪರ ಊರಿನಲ್ಲಿ ದುಡಿಯುತ್ತಿದ್ದ ಒಬ್ಬ ಹೆಣ್ಣುಮಗಳನ್ನು. ಆಕೆ ನನಗೆ ಪರಿಚಯವೇ ಇಲ್ಲ.

ಈಗ ಮೂಡಲಗಿಗೆ ಹೋದಾಗಲೆಲ್ಲ ಆ ಅರ್ಧ ನಾಟಕದ ಬಗ್ಗೆಯೇ ಕೆದಕುತ್ತೇನೆ. ಯಾವ ಸೀರೆ ಉಟ್ಟಿದ್ದಳು? ದನಿ ಹೇಗಿತ್ತು? ನಕ್ಕಳೇ? ಕಾಕಾಗೆ ಏನೂ ನೆನಪಿಲ್ಲ. ಮೈಕು ಕಿರ್ರೆನ್ನುತ್ತಿತ್ತಂತೆ, ಅದೊಂದೇ.