ಒಂದು ದೀರ್ಘದ ತೂಕ

ಕುರ್‌ಆನನ್ನು ನಿಧಾನವಾಗಿ, ಸ್ಫುಟವಾಗಿ ಓದಬೇಕೆಂಬ ಆಜ್ಞೆ ಸೂರಃ ಮುಝ್ಝಮ್ಮಿಲ್‌ನ 4ನೆಯ ಆಯತ್‌ನಲ್ಲಿದೆ. ಆ ಓದಿನ ಮುಖ್ಯ ಅಂಗಗಳಲ್ಲಿ ಮದ್ದ್ ಒಂದು. ಅಂದರೆ ಸ್ವರವನ್ನು ನಿಯಮಬದ್ಧವಾಗಿ ಎಳೆಯುವುದು. ಪ್ರವಾದಿವರ್ಯರ(ಸ) ಓದು ಹೇಗಿತ್ತೆಂದು ಕೇಳಿದಾಗ ಹಝ್ರತ್ ಅನಸ್(ರ)ರವರು, ಅದು ಎಳೆದು ಓದುವ ಓದಾಗಿತ್ತೆಂದು ಹೇಳಿ, ಬಿಸ್ಮಿಲ್ಲಾಹ್, ರಹ್ಮಾನ್, ರಹೀಮ್ ಎಂಬುದನ್ನು ಎಳೆದು ಓದಿ ತೋರಿಸಿದರೆಂದು ಸಹೀಹ್ ಬುಖಾರಿಯಲ್ಲಿದೆ.

ಅಥಣಿ ತಾಲೂಕಿನ ಅನಂತಪುರದ ಕಡೆಯ ನಮ್ಮ ಮಕ್ಕಳು ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕೇಳುತ್ತ ಬೆಳೆಯುತ್ತಾರೆ. ಅವರಿಗೆ ಮದ್ದ್ ಕಲಿಸುವಾಗ ನಾವು ಕನ್ನಡ ವ್ಯಾಕರಣದ ನೆರವು ಪಡೆಯುತ್ತೇವೆ. 'ಬಿಡು' ಎಂದರೆ ತೊರೆ, 'ಬೀಡು' ಎಂದರೆ ನೆಲೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಹೊಲದಾಚೆ ಇರುವವರನ್ನು 'ಅಣ್ಣಾ' ಎಂದು ಕೂಗಿದರೆ ಮೂರು ಮಾತ್ರೆಯ ಪ್ಲುತ. ತಜ್‌ವೀದ್‌ನಲ್ಲಿ ಈ ಎಣಿಕೆಗೆ ಹರಕತ್ ಎನ್ನುತ್ತಾರೆ. ನಾವು ಓದುವ ಹಫ್ಸ್ ರಿವಾಯತ್‌ನಲ್ಲಿ ಸಹಜ ಮದ್ದ್‌ಗೆ 2 ಹರಕತ್. ದೀರ್ಘದ ಬೆನ್ನಿಗೆ ಹಂಝ ಬಂದರೆ 4 ಅಥವಾ 5. 'ವಲದ್ದಾಲ್ಲೀನ್'ನ 'ದ್ದಾ'ಗೆ 6.

ಇದು ಬರಿಯ ಇಂಪಿನ ವಿಷಯವಲ್ಲ. ಸೂರಃ ಕಾಫಿರೂನ್‌ನಲ್ಲಿ 'ಲಾ ಅಅ್‌ಬುದು' ಎಂದರೆ 'ನಾನು ಆರಾಧಿಸುವುದಿಲ್ಲ'. ಆ 'ಲಾ' ಹ್ರಸ್ವವಾಗಿ 'ಲ' ಆದರೆ ಅರಬಿಯಲ್ಲಿ 'ನಾನು ಖಂಡಿತ ಆರಾಧಿಸುತ್ತೇನೆ' ಎಂದಾಗುತ್ತದೆ! ತೌಹೀದ್‌ನ ಘೋಷಣೆಯೇ ತಲೆಕೆಳಗಾಗಲು ಒಂದು ದೀರ್ಘ ಸಾಕು.

ಕನ್ನಡ ಲಿಪಿಯ ಪುಸ್ತಿಕೆಯಿಂದ ಸೂರಃಗಳನ್ನು ಕಲಿತ ವೃದ್ಧ ತಾಯಿಯೊಬ್ಬರು, ಇದನ್ನು ಕೇಳಿ, ತಮ್ಮ ಇಷ್ಟು ವರ್ಷಗಳ ಓದೆಲ್ಲ ವ್ಯರ್ಥವಾಯಿತೇ ಎಂದು ನಮ್ಮಲ್ಲಿ ಕಣ್ಣೀರಿಟ್ಟರು. ಕನ್ನಡದ ದೀರ್ಘಚಿಹ್ನೆ ಎರಡು ಮಾತ್ರೆಯನ್ನಷ್ಟೇ ಹೇಳಬಲ್ಲದು. ನಾಲ್ಕು, ಆರು ಅದರಲ್ಲಿ ಕಾಣವು. ದೋಷ ಅವರದಲ್ಲ. ತಡವರಿಸುತ್ತ, ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲವಿದೆಯೆಂಬ, ಹಝ್ರತ್ ಆಯಿಶಾ(ರ)ರವರು ವರದಿ ಮಾಡಿದ ಹದೀಸನ್ನು ನಾವು ಅವರಿಗೆ ತಿಳಿಸಿದೆವು. ಇಂದು ಅವರ ಮೊಮ್ಮಗಳು ಮಗ್ರಿಬ್ ನಂತರ ಬೆರಳು ಮಡಿಸುತ್ತ ಅಜ್ಜಿಗೆ ಹರಕತ್ ಎಣಿಸಿ ಕಲಿಸುತ್ತಾಳೆ.

ಕುರ್‌ಆನ್ ಬಾಯಿಂದ ಕಿವಿಗೆ, ಕಿವಿಯಿಂದ ಎದೆಗೆ ಇಳಿದು ಬಂದ ವಿದ್ಯೆ. ಆದ್ದರಿಂದ ಸೋದರ ಸೋದರಿಯರೇ, ಪುಸ್ತಿಕೆಯೊಂದನ್ನೇ ನೆಚ್ಚದೆ, ಬಲ್ಲವರ ಮುಂದೆ ಕುಳಿತು ಓದಿ ಒಪ್ಪಿಸೋಣ. ಮಕ್ಕಳು ಮದ್ರಸದಲ್ಲಿ ಕಲಿತದ್ದನ್ನು ಮನೆಯ ಹಿರಿಯರಿಗೂ ಕಲಿಸಲಿ; ಹಿರಿಯರು ಅದಕ್ಕೆ ಸಂಕೋಚಪಡದಿರಲಿ. ಅಲ್ಲಾಹನು ನಮ್ಮೆಲ್ಲರ ನಾಲಿಗೆಯನ್ನು ತನ್ನ ವಚನಕ್ಕೆ ಹದಗೊಳಿಸಲಿ. ಆಮೀನ್.