ಕಾಳೀತೀರದಲ್ಲಿ ಐದು ದಿನ

ಕಳೆದ ಮಾಘಮಾಸದ ಶುಕ್ಲಪಕ್ಷದಲ್ಲಿ ನಾವು ಧಾರವಾಡದಿಂದ ಹಳಿಯಾಳಕ್ಕೆ ಪ್ರಯಾಣ ಮಾಡಿದೆವು. ಉಳವಿಯ ಶ್ರೀ ಚೆನ್ನಬಸವೇಶ್ವರನ ಜಾತ್ರೆ ಸಮೀಪಿಸಿದ್ದುದರಿಂದ ದಾರಿಯುದ್ದಕ್ಕೂ ಯಾತ್ರಿಕರ ಚಕ್ಕಡಿಗಳು ಸಾಲುಗಟ್ಟಿ ಸಾಗಿದ್ದುವು. ಎತ್ತುಗಳ ಕೊರಳ ಗೆಜ್ಜೆಯ ನಾದವನ್ನು ಕೇಳುತ್ತ, ಬಯಲುಸೀಮೆಯು ಮೆಲ್ಲಮೆಲ್ಲನೆ ಮಲೆನಾಡಾಗಿ ಮಾರ್ಪಡುವುದನ್ನು ನೋಡುತ್ತ ಹೋಗುವುದರಲ್ಲಿ ಒಂದು ಬಗೆಯ ಸುಖವಿದೆ. ಜೋಳದ ಹೊಲಗಳು ಹಿಂದುಳಿದು ಕಬ್ಬಿನ ಗದ್ದೆಗಳು ಬಂದುವು. ಅವುಗಳ ಹಿಂದೆಯೇ ಸಾಗುವಾನಿಯ ಮರಗಳು ಕಾಣಿಸಿಕೊಂಡುವು.

ಹಳಿಯಾಳದಲ್ಲಿ ನಮ್ಮ ಸೋದರಳಿಯನು ಒಂದು ಅಭ್ಯಾಸಗೃಹವನ್ನು ನಡೆಯಿಸುತ್ತಾನೆ. ನಲವತ್ತು ಮಂದಿ ಹುಡುಗರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಸರಕಾರಿ ನೌಕರಿಯ ಪರೀಕ್ಷೆಗಳಿಗಾಗಿ ಓದುತ್ತಾರೆ. ರಾತ್ರಿ ಊಟವಾದ ಮೇಲೆ ಆತನು ತನ್ನ ಕಷ್ಟವನ್ನು ತೋಡಿಕೊಂಡನು: "ಮಾಮಾ, ಕಣ್ಣೆದುರಿಗೆ ಪುಸ್ತಕ, ತೊಡೆಯ ಮೇಲೆ ಮೊಬೈಲು. ಎಷ್ಟು ಹೇಳಿದರೂ ಕೇಳರು. ಜಾಮರ್ ಎಂಬ ಯಂತ್ರವೊಂದಿದೆಯಂತೆ. ಅದನ್ನು ಗೋಡೆಗೆ ತೂಗುಹಾಕಿದರೆ ಮನೆಯಲ್ಲಿನ ಮೊಬೈಲುಗಳೆಲ್ಲ ಮೂಕವಾಗುತ್ತವೆಯಂತೆ. ಒಬ್ಬನು ತಂದುಕೊಡುವೆನೆಂದು ಹೇಳಿದ್ದಾನೆ."

ಮೂವತ್ತೇಳು ವರ್ಷ ಕರಿಹಲಗೆಯ ಮುಂದೆ ನಿಂತವರಾದ ನಮಗೆ ಆ ಮಾತು ಅಮೃತದಂತೆ ಕೇಳಿಸಿತು. "ಅವಶ್ಯವಾಗಿ ಕೊಳ್ಳಪ್ಪಾ, ಬೇಕಾದರೆ ಅರ್ಧ ಹಣ ನಾವು ಕೊಟ್ಟೇವು" ಎಂದುಬಿಟ್ಟೆವು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಇದಕ್ಕಾಗಿ ನಾವು ಮುಂದೆ ನಾಚಬೇಕಾಯಿತು.

ಮರುದಿನ ದಾಂಡೇಲಿಯನ್ನು ಸೇರಿದೆವು. ಕಾಳೀನದಿಯ ದಡದಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರಖಾನೆಯಿಂದ ಬೆಳೆದ ಊರಿದು. ಈಗ ಇದರ ಸುತ್ತಲೂ ಪ್ರವಾಸಿಗರ ವಸತಿಗೃಹಗಳು ತುಂಬಿವೆ. ನೀರಿನಲ್ಲಿ ದೋಣಿಯಾಟ, ಮರದ ತುದಿಯಲ್ಲಿ ಮಂಗಟ್ಟೆಹಕ್ಕಿಗಳ ಸಂಸಾರ, ಕಣ್ಣಿಗೆ ಬಿಡುವಿಲ್ಲ. ಇಲ್ಲಿಂದ ಕಾವಳದ ಗುಹೆಯನ್ನು ನೋಡಲು ಹೋದೆವು. ಬಾಗಿ ಒಳಹೊಕ್ಕರೆ ಕತ್ತಲಲ್ಲಿ ಸುಣ್ಣದ ನೀರು ಹನಿಹನಿಯಾಗಿ ಘನೀಭವಿಸಿ ಮೂಡಿದ ಲಿಂಗ. ಗುಹೆಯ ಬಾಯಿಂದ ಕೆಲವು ಹೆಜ್ಜೆ ನಡೆಯುವಷ್ಟರಲ್ಲಿ ನಮ್ಮ ಮೊಬೈಲು ನಿಃಶಬ್ದವಾಯಿತು. ಯಾವ ಯಂತ್ರವೂ ಅಲ್ಲಿರಲಿಲ್ಲ. ಬಂಡೆಯೇ ಅಲೆಯನ್ನು ನುಂಗಿತ್ತು. ದಪ್ಪ ಚಿರೇಕಲ್ಲಿನ ಗೋಡೆಯೂ ತಗಡಿನ ಮಾಡೂ ಅಲ್ಪಸ್ವಲ್ಪ ಇದೇ ಕೆಲಸವನ್ನು ಮಾಡುತ್ತವೆ. ಲೋಹದ ಪಂಜರದೊಳಕ್ಕೆ ವಿದ್ಯುತ್ತಿನ ಪ್ರಭಾವವು ಇಳಿಯದೆಂದು ಇಂಗ್ಲೆಂಡಿನ ಫ್ಯಾರಡೇ ಪಂಡಿತನು 1836ರಲ್ಲಿಯೇ ತೋರಿಸಿದ್ದನು.

ಮೂರನೆಯ ದಿನ ಜೋಯಿಡಾಕ್ಕೆ ನಡೆದೆವು. ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಪಟ್ಟಣವು ಮುಳುಗಿದ್ದರಿಂದ ತಾಲೂಕಿನ ಕಚೇರಿಗಳು ಈ ಊರಿಗೆ ಬಂದುವು. ಕಾಳೀ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ ಚದುರಿದ ಇಲ್ಲಿನ ಹಳ್ಳಿಗಳಲ್ಲಿ ಕುಣಬಿಗಳು ನಾನಾ ವಿಧದ ಗೆಡ್ಡೆಗಳನ್ನು ಬೆಳೆಯುತ್ತಾರೆ. ನಾವು ತಂಗಿದ ಮನೆಯಲ್ಲಿ ಗೆಡ್ಡೆಯ ಪಲ್ಯದ ರುಚಿ ಹೇಳತೀರದು. ಆದರೆ ಅಲ್ಲಿ ಮೊಬೈಲಿನ ಸದ್ದಿಲ್ಲ. ಮಾತನಾಡಬೇಕಾದರೆ ಊರ ಹಿಂದಿನ ಗುಡ್ಡವನ್ನು ಹತ್ತಿ, ಒಂದು ನಿರ್ದಿಷ್ಟ ಬಂಡೆಯ ಮೇಲೆ ನಿಲ್ಲಬೇಕು. ಕೊರೋನಾದ ವರ್ಷಗಳಲ್ಲಿ ಮನೆಯ ಹುಡುಗಿಯು ಅದೇ ಬಂಡೆಯ ಮೇಲೆ ಕೊಡೆ ಹಿಡಿದು ಕುಳಿತು ಪಾಠ ಕೇಳಿದಳಂತೆ.

ಆ ರಾತ್ರಿ ಮನೆಯ ಸೊಸೆಗೆ ಅವಧಿಗೆ ಮುಂಚೆಯೇ ಹೆರಿಗೆಯ ನೋವು ಕಾಣಿಸಿಕೊಂಡಿತು. ಯಜಮಾನನ ಮಗನು ಬ್ಯಾಟರಿ ಹಿಡಿದು ಕತ್ತಲಲ್ಲಿ ಗುಡ್ಡಕ್ಕೆ ಓಡಿದನು. ನಾವು ಅಂಗಳದಲ್ಲಿ ನಿಂತು ಆ ಬೆಳಕು ಮರಗಳ ನಡುವೆ ಮೇಲೇರುವುದನ್ನೂ, ಬಂಡೆಯ ಹತ್ತಿರ ಬಹಳ ಹೊತ್ತು ಅಲುಗಾಡುವುದನ್ನೂ ನೋಡಿದೆವು. ಒಳಗಿನಿಂದ ಆಕೆಯ ನರಳಾಟ ಕೇಳಿಸುತ್ತಿತ್ತು. ಕೊನೆಗೆ 108ಕ್ಕೆ ಕರೆ ಹೋಯಿತು, ವಾಹನವು ಬಂದಿತು. ಬೆಳಗಿನ ಜಾವದಲ್ಲಿ ಆಸ್ಪತ್ರೆಯಲ್ಲಿ ಗಂಡು ಮಗುವಾಯಿತು, ತಾಯಿಯೂ ಕ್ಷೇಮ. ಆದರೆ ಆ ಅಂಗಳದಲ್ಲಿ ನಿಂತಿದ್ದಾಗ ಹಳಿಯಾಳದಲ್ಲಿ ನಾವಾಡಿದ ಮಾತು ಮುಳ್ಳಿನಂತೆ ಚುಚ್ಚತೊಡಗಿತು. ಅಭ್ಯಾಸಗೃಹದ ಪಕ್ಕದ ಮನೆಯಲ್ಲಿ ಎದೆಬೇನೆಯ ವೃದ್ಧರೊಬ್ಬರಿದ್ದಾರೆ. ನಡುವೆ ಇರುವುದು ಒಂದೇ ಗೋಡೆ.

ದಾಂಡೇಲಿಗೆ ಮರಳಿದಾಗ, ದೂರವಾಣಿ ಇಲಾಖೆಯಿಂದ ನಿವೃತ್ತನಾದ ನಮ್ಮ ಹಳೆಯ ಶಿಷ್ಯನನ್ನು ಕಂಡು ಈ ವಿಷಯವನ್ನು ಪ್ರಸ್ತಾಪಿಸಿದೆವು. ಆತನು ವಿವರಿಸಿದ್ದು ಹೀಗೆ: ಜಾಮರ್ ಎಂಬುದು ಅಲೆಯನ್ನು ತಡೆಯುವ ಗೋಡೆಯಲ್ಲ, ಅದು ಗದ್ದಲವೆಬ್ಬಿಸುವ ಯಂತ್ರ. ಗೋಪುರವೂ ಮೊಬೈಲೂ ಮಾತನಾಡುವ ಅದೇ ಕಂಪನಾಂಕದಲ್ಲಿ ಅದು ಅರ್ಥವಿಲ್ಲದ ಸದ್ದನ್ನು ತುಂಬುವುದು. ಇಬ್ಬರು ಮಾತನಾಡುವಲ್ಲಿ ಮೂರನೆಯವನು ಡೋಲು ಬಾರಿಸಿದಂತೆ. ಆ ಡೋಲಿನ ಸದ್ದು ನಮ್ಮ ಗೋಡೆಗೆ ಬಂದು ನಿಲ್ಲುವುದಿಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕಾರಾಗೃಹದಲ್ಲಿ ಸರಕಾರವೇ ಕಟ್ಟಿಸಿದ ತಡೆಯಿಂದ ಸುತ್ತಲಿನ ಗೃಹಸ್ಥರ ಮೊಬೈಲುಗಳೂ ಸ್ತಬ್ಧವಾದುವೆಂಬ ದೂರು ಪತ್ರಿಕೆಗಳಲ್ಲಿ ಬಂದಿದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಿಸ್ತಂತು ಯಂತ್ರವನ್ನು ಪರವಾನಿಗೆಯಿಲ್ಲದೆ ಇಟ್ಟುಕೊಳ್ಳಕೂಡದೆಂದು 1933ರ ಕಾಯಿದೆಯೇ ವಿಧಿಸಿತು. 2023ರ ದೂರಸಂಪರ್ಕ ಕಾಯಿದೆಯೂ ರೇಡಿಯೋ ಉಪಕರಣಕ್ಕೆ ಸರಕಾರದ ಅಧಿಕಾರಪತ್ರ ಬೇಕೆನ್ನುತ್ತದೆ. 2022ರ ಜುಲೈಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು, ಖಾಸಗಿ ಸಂಸ್ಥೆಯಾಗಲಿ ವ್ಯಕ್ತಿಯಾಗಲಿ ಜಾಮರನ್ನು ಕೊಳ್ಳುವುದೂ ಬಳಸುವುದೂ ಸಲ್ಲದು, ಅದನ್ನು ಮಾರುವುದೂ ಜಾಹೀರು ಮಾಡುವುದೂ ತಪ್ಪು ಎಂದು ಸಾರಿತು. ಪರೀಕ್ಷೆ ನಡೆಯಿಸುವ ಶಾಸನಬದ್ಧ ಮಂಡಲಗಳಿಗೆ ಸಹ ಕೇಂದ್ರ ಸಚಿವಸಂಪುಟದ ಕಾರ್ಯಾಲಯದ ಪೂರ್ವಾನುಮತಿ ಬೇಕು. 2023ರ ಅಕ್ಟೋಬರದಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಎಂಬ ಕಿವಿಯ ಯಂತ್ರದಿಂದ ಪರೀಕ್ಷೆಯಲ್ಲಿ ನಡೆದ ವಂಚನೆಯನ್ನು ಬಲ್ಲವರು ಈ ಅನುಮತಿಯ ಅಗತ್ಯವನ್ನು ಅಲ್ಲಗಳೆಯಲಾರರು. ಆದರೆ ಅನುಮತಿ ಬೇರೆ, ಸ್ವೇಚ್ಛೆ ಬೇರೆ.

"ಹಾಗಾದರೆ ಜೋಯಿಡಾದವರು ಸೂರಿನ ಮೇಲೆ ಬೂಸ್ಟರ್ ಇಟ್ಟುಕೊಳ್ಳಬಹುದಷ್ಟೆ?" ಎಂದು ಕೇಳಿದೆವು. ಅದೂ ಆಗದಂತೆ! ಅದೇ ಪ್ರಕಟಣೆಯ ಮೇರೆಗೆ, ಪರವಾನಿಗೆಯುಳ್ಳ ಕಂಪನಿಗಳ ಹೊರತು ಇತರರು ಅಲೆಯನ್ನು ಬಲಪಡಿಸುವ ಯಂತ್ರವನ್ನು ಇಡುವುದೂ ಅಕ್ರಮ. ಒಬ್ಬನ ಮನೆಯ ಬೂಸ್ಟರ್ ಹತ್ತು ಮನೆಯ ಸಂಪರ್ಕವನ್ನು ಕೆಡಿಸಬಲ್ಲದು. ಗುಡ್ಡದ ಬಂಡೆಯನ್ನು ಕಣ್ಣಾರೆ ಕಂಡ ನಮಗೆ ಇದು ಕಹಿಯಾಗಿ ತೋರಿತು. ಆ ಹಳ್ಳಿಗೆ ಗೋಪುರವನ್ನು ಕೊಡುವ ಹೊಣೆ ಸರಕಾರದ್ದು. ಅದು ತೀರುವ ತನಕ ಈ ನಿಷೇಧದ ಭಾರವನ್ನು ಹೊರುವವರು ಬಡವರೇ. ಆದರೂ ನ್ಯಾಯದ ಮೂಲವು ಒಂದೇ. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಮಾನಿಸಿತು. ಕೆರೆಯ ತೂಬಿಗೆ ಅಡ್ಡಲಾಗಿ ಒಬ್ಬನು ಮಣ್ಣು ಹಾಕುವುದನ್ನೂ, ಇನ್ನೊಬ್ಬನು ಕಳ್ಳಗಂಡಿ ಕೊರೆಯುವುದನ್ನೂ ನಮ್ಮ ಹಿರಿಯರು ಸಮನಾಗಿ ತಡೆದರಲ್ಲವೇ?

ಪರದೇಶದಲ್ಲಿಯೂ ಇದೇ ನಡೆದಿದೆ. ಅಮೆರಿಕದ ನ್ಯಾಶ್‌ವಿಲ್ ನಗರದ ಮ್ಯಾರಿಯಟ್ ಹೋಟಲೊಂದರಲ್ಲಿ ಅತಿಥಿಗಳು ತಂದ ಸ್ವಂತ ವೈಫೈಯನ್ನು ನೌಕರರು ಕಡಿದುಹಾಕುತ್ತಿದ್ದರು. ಸಭೆಗೆ ಬಂದವರಿಗೆ ಹೋಟಲಿನ ವೈಫೈಯನ್ನು ಒಂದೊಂದು ಯಂತ್ರಕ್ಕೆ 250ರಿಂದ 1000 ಡಾಲರುಗಳಿಗೆ ಮಾರುತ್ತಿದ್ದರು. ಅಲ್ಲಿನ ಸಂಪರ್ಕ ಆಯೋಗದೊಡನೆ 2014ರಲ್ಲಿ ಆದ ಒಪ್ಪಂದದಂತೆ ಆ ಸಂಸ್ಥೆಯು 6,00,000 ಡಾಲರ್ ದಂಡವನ್ನು ತೆರಬೇಕಾಯಿತು. ಕಟ್ಟಡವು ಯಜಮಾನನದು, ಅದರೊಳಗಿನ ಆಕಾಶವು ಆತನದಲ್ಲ ಎಂಬುದು ಇದರ ತಾತ್ಪರ್ಯ.

ಕೊನೆಗೆ ಮುಂಡಗೋಡಿಗೆ ಹೋದೆವು. 1966ರಲ್ಲಿ ಇಲ್ಲಿ ನೆಲೆಗೊಂಡ ಟಿಬೆಟಿನ ನಿರಾಶ್ರಿತರು ತಮ್ಮ ಡ್ರೆಪುಂಗ್, ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿದ್ದಾರೆ. ಸಂಜೆ ಅಂಗಳದಲ್ಲಿ ತರುಣ ಭಿಕ್ಷುಗಳ ವಾದಗೋಷ್ಠಿ. ಉತ್ತರ ಹೇಳುವವನು ಕುಳಿತಿರುವನು. ಪ್ರಶ್ನಿಸುವವನು ನಿಂತು, ಹೆಜ್ಜೆ ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪೂರ್ವಪಕ್ಷವನ್ನು ಒಡ್ಡುವನು. ತರ್ಕಶಾಸ್ತ್ರವನ್ನು ಪುಸ್ತಕದಲ್ಲಿ ಓದಿದ ನಮಗೆ ಅದು ಜೀವಂತವಾಗಿ ನಿಂತುದನ್ನು ಕಂಡು ರೋಮಾಂಚವಾಯಿತು. ಆ ಊರಿನಲ್ಲಿ ಮೊಬೈಲಿಗೆ ಕೊರತೆಯಿಲ್ಲ. ಆದರೂ ನಾವು ನಿಂತಿದ್ದ ಹೊತ್ತಿನಲ್ಲಿ ವಾದ ಮಾಡುತ್ತಿದ್ದ ಒಬ್ಬನೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಹಳಿಯಾಳಕ್ಕೆ ತಿರುಗಿ ಬಂದು, "ಅಪ್ಪಾ, ನಮ್ಮ ಮಾತನ್ನು ಹಿಂತೆಗೆದುಕೊಂಡಿದ್ದೇವೆ" ಎಂದೆವು. ಆತನಿಗೆ ಬೇಸರವಾಯಿತು. "ಕಾಯಿದೆ ನಿಮ್ಮದು, ಹುಡುಗರ ಕಾಟ ನನ್ನದು ಮಾಮಾ" ಎಂದನು. ಪಕ್ಕದ ಮನೆಯ ವೃದ್ಧರ ಹೆಸರನ್ನೆತ್ತಿದಾಗ ಮಾತ್ರ ಸುಮ್ಮನಾದನು. ಬಡಗಿಯಿಂದ ನಲವತ್ತು ಗೂಡಿನ ಮರದ ಕಪಾಟನ್ನು ಮಾಡಿಸುವುದು, ಓದಿನ ವೇಳೆಯಲ್ಲಿ ಮೊಬೈಲುಗಳನ್ನು ಅದರಲ್ಲಿರಿಸುವುದು, ತಾಯಿತಂದೆಗಳ ತುರ್ತು ಕರೆಗಾಗಿ ಕಚೇರಿಯಲ್ಲೊಂದು ದೂರವಾಣಿ ಇಡುವುದು, ಇಷ್ಟು ನಿಶ್ಚಯವಾಯಿತು. ಯಂತ್ರಕ್ಕೆಂದು ನಾವು ಒಪ್ಪಿದ ಹಣವನ್ನು ಕಪಾಟಿಗೆ ಕೊಟ್ಟೆವು.

ಮೊನ್ನೆ ಆತನ ಕಾಗದ ಬಂದಿದೆ. ಮೊದಲ ವಾರ ಜಗಳವಾಯಿತಂತೆ. ಇಬ್ಬರು ಎರಡನೆಯ ಮೊಬೈಲನ್ನು ಹಾಸಿಗೆಯಲ್ಲಿ ಬಚ್ಚಿಟ್ಟಿದ್ದರಂತೆ. ಈಗ ಹುಡುಗರೇ ಸರದಿಯಂತೆ ಕಪಾಟಿನ ಬೀಗದ ಕೈಯನ್ನು ಇಟ್ಟುಕೊಳ್ಳುತ್ತಾರೆ. ಜೋಯಿಡಾದ ಮಗುವಿಗೆ ನಾಮಕರಣವಾಯಿತೆಂಬ ವರ್ತಮಾನವೂ ಬಂದಿತು. ಅದನ್ನು ತಿಳಿಸಲು ಮಗುವಿನ ತಂದೆಯು ಮತ್ತೆ ಆ ಗುಡ್ಡವನ್ನೇ ಹತ್ತಿದ್ದನು.